ಚೆಲ್ಲಿದ ಇಂಕಿನಲ್ಲಿ ಬೆಟ್ಟ, ಕಡಲು: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯಲ್ಲಿ ರಜೆಯ ದಿನ ನಾವು ಕೆಲವರು ಸೇರಿ ಇಂಕಿನ ಚಿತ್ರ ಮಾಡುತ್ತೇವೆ. ಮಂಗಳೂರಿನಿಂದಲೂ ಆಗಾಗ ಜನ ಬರುತ್ತಾರೆ. ಹೊಸಬರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಸೇರಿಕೊಂಡಿದೆ. ಒಪ್ಪದವರು ಬಂದು ಜಗಳ ಮಾಡಬಹುದು.

ಇದೆಂಥದು? ಸುಮ್ನೆ ಇಂಕ್ ಚೆಲ್ಲೋದಾ?

ಚೆಲ್ಲುವುದೂ ಉಂಟು. ಕಾಗದದ ಮೇಲೆ ಇಂಕ್ ಮತ್ತು ನೀರನ್ನು ಅವುಗಳ ಪಾಡಿಗೆ ಹರಿಯಲು ಬಿಡುತ್ತೇವೆ. ಎಲ್ಲಿ ದಟ್ಟವಾಗುತ್ತದೆ, ಎಲ್ಲಿ ತೆಳುವಾಗುತ್ತದೆ, ಎಲ್ಲಿ ಬಿಳಿ ಉಳಿಯುತ್ತದೆ ಅನ್ನುವುದು ಪೂರ್ತಿ ನಮ್ಮ ಕೈಯಲ್ಲಿಲ್ಲ. ಆಮೇಲೆ ಬಂದದ್ದನ್ನು ನೋಡುತ್ತೇವೆ. ಅದರಲ್ಲಿ ಬೆಟ್ಟವೋ ಕಡಲೋ ಕಾಡೋ ಕಂಡರೆ, ಎರಡು ಮೂರು ಗೆರೆ ಎಳೆದು ಅದನ್ನು ನಿಲ್ಲಿಸುತ್ತೇವೆ. ಚೆಲ್ಲಲು ಒಂದು ನಿಮಿಷ ಸಾಕು. ನೋಡಲು ಎಷ್ಟು ಹೊತ್ತು ಬೇಕಾದರೂ ಹಿಡಿಯಬಹುದು. ಹೆಚ್ಚಿನವರು ಬರುವುದು ಚೆಲ್ಲುವ ಆಸೆಗೆ. ಚಿತ್ರ ಆಗುವುದು ಮಾತ್ರ ನೋಡುವಾಗ.

ಇದು ಮಾಡರ್ನ್ ಆರ್ಟ್ ಅಲ್ವಾ?

ಅಲ್ಲ ಮಾರಾಯ್ರೆ, ತುಂಬಾ ಹಳೇದು. ಚೀನಾದಲ್ಲಿ ಟಾಂಗ್ ಅರಸರ ಕಾಲದಲ್ಲಿ, ಎಂಟನೇ ಶತಮಾನದ ಕೊನೆಯ ಹೊತ್ತಿಗೆ, ವಾಂಗ್ ಮೋ ಅಂತ ಒಬ್ಬ ಚಿತ್ರಕಾರನಿದ್ದ. ಕುಡಿದು ಬಂದು ರೇಷ್ಮೆಯ ಮೇಲೆ ಇಂಕ್ ಎರಚುತ್ತಿದ್ದನಂತೆ. ನಗುತ್ತ, ಹಾಡುತ್ತ, ಕಾಲಿನಿಂದ ತುಳಿದು ಕೈಯಿಂದ ಒರೆಸಿ, ಮೂಡಿದ ಆಕಾರಕ್ಕೆ ತಕ್ಕ ಹಾಗೆ ಬೆಟ್ಟ, ಬಂಡೆ, ಮೋಡ ಮಾಡುತ್ತಿದ್ದ. ಚಿತ್ರ ಮುಗಿದ ಮೇಲೆ ಬಗ್ಗಿ ನೋಡಿದರೂ ಇಂಕ್ ಚೆಲ್ಲಿದ ಗುರುತು ಕಾಣುತ್ತಿರಲಿಲ್ಲ ಎಂದು ಹಳೆಯ ಬರಹ ಹೇಳುತ್ತದೆ. ಕುಡಿತದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಈ ಕೊನೆಯ ಮಾತೇ ಮುಖ್ಯ.

ಹನ್ನೊಂದನೇ ಶತಮಾನದಲ್ಲಿ ಸೊಂಗ್ ದಿ ಎಂಬ ಚಿತ್ರಕಾರ ಇನ್ನೊಬ್ಬನಿಗೆ ಕೊಟ್ಟ ಸಲಹೆಯನ್ನು ಶೆನ್ ಕುವೊ ಎಂಬ ವಿದ್ವಾಂಸ ಬರೆದಿಟ್ಟಿದ್ದಾನೆ. ನಿನ್ನ ಕೈ ಚೆನ್ನಾಗಿದೆ, ಆದರೆ ಚಿತ್ರದಲ್ಲಿ ಸಹಜತೆ ಇಲ್ಲ. ಒಂದು ಪಾಳು ಗೋಡೆ ಹುಡುಕು, ಅದರ ಮೇಲೆ ತೆಳು ರೇಷ್ಮೆ ಹೊದಿಸು, ಬೆಳಿಗ್ಗೆ ಸಂಜೆ ನೋಡುತ್ತಿರು, ಗೋಡೆಯ ಉಬ್ಬುತಗ್ಗೆಲ್ಲ ಬೆಟ್ಟ, ಕಣಿವೆ, ನೀರು ಆಗಿ ಕಾಣಲು ಶುರುವಾಗುತ್ತದೆ, ಆಮೇಲೆ ಕುಂಚ ಹಿಡಿ. ಸುಮಾರು ನಾನ್ನೂರು ವರ್ಷದ ಮೇಲೆ ಇಟಲಿಯಲ್ಲಿ ಲಿಯೊನಾರ್ಡೊ ಡ ವಿಂಚಿಯೂ ಇದನ್ನೇ ಹೇಳಿದ: ಕಲೆಬಿದ್ದ ಗೋಡೆಗಳನ್ನು ನೋಡಿ, ಅಲ್ಲಿ ಬೆಟ್ಟ, ನದಿ, ಮರ ಎಲ್ಲ ಸಿಗುತ್ತವೆ ಅಂತ. ಸೊಂಗ್ ದಿಯ ಮಾತು ಅವನಿಗೆ ತಿಳಿದಿರಲಿಕ್ಕಿಲ್ಲ.

ಇದನ್ನು ಪಾಠದ ರೂಪಕ್ಕೆ ತಂದವನು ಇಂಗ್ಲೆಂಡಿನ ಅಲೆಕ್ಸಾಂಡರ್ ಕೋಜೆನ್ಸ್. ರಷ್ಯಾದಲ್ಲಿ ಹುಟ್ಟಿದವನು, ಈಟನ್ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಒಮ್ಮೆ ಶಿಷ್ಯನಿಗೆ ಏನೋ ತೋರಿಸಲು ಹೊರಟಾಗ ಕೈಗೆ ಸಿಕ್ಕಿದ್ದು ಕಲೆಯಾದ ಕಾಗದ. ಗೆರೆ ಎಳೆಯುತ್ತ ಹೋದರೆ ಆ ಕಲೆಗಳೇ ಕೈಯನ್ನು ನಡೆಸುತ್ತಿವೆ ಅಂತ ಅವನಿಗೆ ಹೊಳೆಯಿತು. 1785ರ ಸುಮಾರಿಗೆ ಈ ವಿಧಾನದ ಮೇಲೆ ಪುಸ್ತಕವನ್ನೇ ಪ್ರಕಟಿಸಿದ. ಆಗಿನವರು ಗೇಲಿ ಮಾಡಿದರು. ಆದರೆ ಅದರಲ್ಲಿದ್ದ ಆಕಾಶದ ಚಿತ್ರಗಳನ್ನು ಮುಂದೆ ಜಾನ್ ಕಾನ್‌ಸ್ಟಬಲ್‌ನಂಥ ದೊಡ್ಡ ಕಲಾವಿದ ಕೂತು ನಕಲು ಮಾಡಿಕೊಂಡ.

ಅಂಥ ಗೋಡೆ ನಮಗೆಲ್ಲಿ ಸಿಗ್ತದೆ?

ಗೇಟಿನ ಹೊರಗೆ ಬನ್ನಿ, ಸಾಕು. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಕಂಪೌಂಡ್‌ಗಿಂತ ಒಳ್ಳೆಯ ಗೋಡೆ ಸೊಂಗ್ ದಿಗೂ ಸಿಕ್ಕಿರಲಿಕ್ಕಿಲ್ಲ. ಸಾರಣೆ ಮಾಡದ ಗೋಡೆಯನ್ನು ಹುಡುಕಿ. ಕಲ್ಲಿನ ತೂತುಗಳಲ್ಲಿ ಮಳೆಗಾಲದಲ್ಲಿ ಪಾಚಿ ತುಂಬುತ್ತದೆ. ಡಿಸೆಂಬರ್ ಹೊತ್ತಿಗೆ ಅದು ಒಣಗಿ ಕಪ್ಪಾಗುತ್ತದೆ. ಒಂದು ತೂತಿನ ಬಾಯಿಯಲ್ಲಿ ಕಪ್ಪು, ಒಳಗೆ ಕೆಂಪು, ಪಕ್ಕದಲ್ಲಿ ಹಳದಿ ಜೇಡಿಯ ಗೆರೆ. ಹತ್ತಿರದಿಂದ ಅದು ಕಲ್ಲು. ನಾಲ್ಕು ಹೆಜ್ಜೆ ಹಿಂದೆ ಬಂದು ಕಣ್ಣು ಕಿರಿದು ಮಾಡಿದರೆ ಘಟ್ಟದ ಇಳಿಜಾರು. ಸುಣ್ಣ ಬಳಿದ ಗೋಡೆಯಾದರೆ ಇನ್ನೊಂದು ಲಾಭ: ಮೇಲಂಚಿನಿಂದ ನೀರು ಇಳಿದ ಕಪ್ಪು ಪಟ್ಟೆಗಳು ಸಿಗುತ್ತವೆ. ಅದರ ಫೋಟೊ ತೆಗೆದು, ಕಪ್ಪುಬಿಳುಪು ಮಾಡಿ, ತಲೆಕೆಳಗಾಗಿಸಿ ನೋಡಿ.

ರೇಷ್ಮೆಗೆ ಎಲ್ಲಿ ಹೋಗುವುದು ಅಂತ ಕೇಳುತ್ತಾರೆ. ತೊಳೆದು ತೊಳೆದು ತೆಳುವಾದ ಬಿಳಿ ಮುಂಡು ಸಾಕು. ಎರಡು ಕಡೆ ಕಲ್ಲು ಇಟ್ಟು ಗೋಡೆಗೆ ಇಳಿಬಿಡಿ. ಬಟ್ಟೆ ಸಣ್ಣಪುಟ್ಟ ವಿವರವನ್ನೆಲ್ಲ ಅಡಗಿಸಿ ದೊಡ್ಡ ಆಕಾರಗಳನ್ನು ಮಾತ್ರ ಉಳಿಸುತ್ತದೆ. ಪಕ್ಕದ ಮನೆಯವರು ಏನಾದರೂ ಅಂದುಕೊಳ್ಳುತ್ತಾರೆ, ಇರಲಿ.

ಯಾವ ಇಂಕ್ ಬೇಕು?

ಬರೆಯುವ ಪೆನ್ನಿನ ಇಂಕ್ ಬೇಡ. ಅದರಲ್ಲಿರುವುದು ನೀರಿನಲ್ಲಿ ಕರಗುವ ಬಣ್ಣ. ನೀರು ತಾಗಿದಾಗ ನೀಲಿ, ನೇರಳೆ ಆಗಿ ಒಡೆಯುವುದು ಚಂದ ಕಾಣುತ್ತದೆ, ನಿಜ. ಆದರೆ ಬೆಳಕಿಗೆ ಇಟ್ಟರೆ ಮಾಸುತ್ತದೆ.

ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಕಪ್ಪು ಡ್ರಾಯಿಂಗ್ ಇಂಕ್ ಶುರುವಿಗೆ ಸಾಕು. ವಾಟರ್‌ಪ್ರೂಫ್ ಅಂತ ಬರೆದಿರುವ ಬಾಟಲಿಯ ಇಂಕ್ ಒಣಗಿದರೆ ಮತ್ತೆ ಕರಗುವುದಿಲ್ಲ. ಇದರಿಂದ ಅನುಕೂಲವೂ ಇದೆ, ಕಷ್ಟವೂ ಇದೆ. ಮೊದಲ ಪದರ ಒಣಗಿದ ಮೇಲೆ ಧೈರ್ಯವಾಗಿ ಇನ್ನೊಂದು ಪದರ ಹರಿಸಬಹುದು. ಬ್ರಷ್ ತೊಳೆಯಲು ಮರೆತರೆ ಮಾತ್ರ ಅದು ಕಸಕ್ಕೇ.

ಆಸಕ್ತಿ ಹುಟ್ಟಿದ ಮೇಲೆ ಇಂಕ್ ಕಡ್ಡಿ ತರಿಸಿಕೊಳ್ಳಿ. ಮಸಿ ಮತ್ತು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಅಂಟು ಸೇರಿಸಿ ಒಣಗಿಸಿದ ಕಡ್ಡಿ ಅದು. ಕಲ್ಲಿನ ಮೇಲೆ ಸ್ವಲ್ಪ ನೀರು ಹಾಕಿ ನಿಧಾನಕ್ಕೆ ತೇಯಬೇಕು. ಗಂಧ ತೇದು ಅಭ್ಯಾಸ ಇರುವವರಿಗೆ ಕೈ ತಾನಾಗಿ ಹೊಂದಿಕೊಳ್ಳುತ್ತದೆ. ಪೈನ್ ಮರ ಸುಟ್ಟ ಮಸಿಯ ಕಡ್ಡಿ ತೆಳುವಾದಾಗ ತುಸು ನೀಲಿ ಛಾಯೆ ಕೊಡುತ್ತದೆ. ಎಣ್ಣೆ ದೀಪದ ಮಸಿಯದ್ದು ಕಂದಿನ ಕಡೆಗೆ ಹೋಗುತ್ತದೆ. ಜುಲೈ ತಿಂಗಳ ಮೋಡಕ್ಕೆ ನನಗೆ ಮೊದಲನೆಯದೇ ಇಷ್ಟ.

ಮನೆಯಲ್ಲೇ ದೀಪದ ಮಸಿ ಹಿಡಿದು ಮಾಡಬಹುದಾ ಅಂತ ಕೇಳುವವರೂ ಉಂಟು. ಮಾಡಬಹುದು. ಮಸಿ ನೀರಿನಲ್ಲಿ ಬೆರೆಯದೆ ಮೇಲೆ ತೇಲುತ್ತದೆ. ಅದಕ್ಕೆ ಮೊದಲು ಗೋಂದಿನಲ್ಲಿ ಚೆನ್ನಾಗಿ ಅರೆಯಬೇಕು, ನೀರು ಆಮೇಲೆ. ಮೈಕೈ ಎಲ್ಲ ಕಪ್ಪಾಗುತ್ತದೆ.

ಕಾಗದ?

ಇಂಕಿಗಿಂತ ಕಾಗದವೇ ಹೆಚ್ಚು ಮುಖ್ಯ. ನೀರನ್ನು ಕುಡಿಯುವ ಕಾಗದದಲ್ಲಿ ಇಂಕ್ ಓಡಿಹೋಗುತ್ತದೆ. ಅಂಟು ಹಾಕಿದ ಕಾಗದದಲ್ಲಿ ಮೇಲೆಯೇ ನಿಂತು ಕೊಳವಾಗುತ್ತದೆ. ಚೀನಾದ ಆನ್‌ಹುಯಿ ಪ್ರಾಂತ್ಯದ ಷ್ವಾನ್ ಕಾಗದ ಈ ಕೆಲಸಕ್ಕೆ ಪ್ರಸಿದ್ಧ. ಅಲ್ಲಿನ ಒಂದು ಮರದ ತೊಗಟೆ ಮತ್ತು ಭತ್ತದ ಹುಲ್ಲಿನಿಂದ ಮಾಡುತ್ತಾರೆ. ಅದರಲ್ಲೂ ಎರಡು ಬಗೆ: ಹಾಗೇ ಬಿಟ್ಟದ್ದು, ಪಟಿಕಾರ ಮತ್ತು ಅಂಟಿನ ನೀರು ಹಚ್ಚಿದ್ದು. ಮೊದಲನೆಯದರಲ್ಲಿ ಆಕಸ್ಮಿಕ ಜಾಸ್ತಿ.

ಇಲ್ಲಿ ಶುರು ಮಾಡಲು ಸಾದಾ ಡ್ರಾಯಿಂಗ್ ಶೀಟ್ ಒಂದು, ಕೈಕಾಗದ ಒಂದು ತಗೊಳ್ಳಿ. ಒಂದೇ ಇಂಕನ್ನು ಎರಡರ ಮೇಲೂ ಬಿಟ್ಟು ನೋಡಿ. ಕುಚ್ಚಲಕ್ಕಿ ಗಂಜಿಯ ತಿಳಿ ಹಚ್ಚಿ ಒಣಗಿಸಿದರೆ ಕೈಕಾಗದ ಸ್ವಲ್ಪ ಬಿಗಿಯಾಗುತ್ತದೆ, ಇಂಕ್ ಅಷ್ಟು ಓಡುವುದಿಲ್ಲ. ಅಭ್ಯಾಸಕ್ಕೆ ಮಾತ್ರ ಹೀಗೆ ಮಾಡಿ. ಗಂಜಿ ಇದ್ದಲ್ಲಿ ಬೆಳ್ಳಿಹುಳ ಬಂದೇ ಬರುತ್ತದೆ.

ಮೊದಲ ಸಲ ಹೇಗೆ ಶುರು ಮಾಡಲಿ?

ಕೋಜೆನ್ಸ್ ಹೇಳಿದ ಹಾಗೆಯೇ ಮಾಡಿ, ಅವನಿಗಿಂತ ಸರಳ ದಾರಿ ನನಗೆ ಕಂಡಿಲ್ಲ. ಕಾಗದವನ್ನು ಮುದ್ದೆ ಮಾಡಿ, ಬಿಡಿಸಿ, ಮೇಜಿನ ಮೇಲೆ ಹರಡಿ. ಮನಸ್ಸಿನಲ್ಲಿ ಒಂದು ಜಾಗ ಇಟ್ಟುಕೊಳ್ಳಿ. ನೇತ್ರಾವತಿ ಕಡಲು ಸೇರುವ ಅಳಿವೆ ಅಂತಿಟ್ಟುಕೊಳ್ಳಿ. ವಿವರ ಬೇಡ, ಎಡಕ್ಕೆ ನೆಲ, ಬಲಕ್ಕೆ ನೀರು, ದೂರದಲ್ಲಿ ಇನ್ನೊಂದು ದಡ, ಅಷ್ಟೇ. ದೊಡ್ಡ ಬ್ರಷ್ ತಗೊಂಡು, ದಟ್ಟ ಇಂಕಿನಲ್ಲಿ ಅದ್ದಿ, ಯೋಚನೆ ಮಾಡದೆ ಬೇಗ ಬೇಗ ಮಚ್ಚೆ ಹಾಕಿ. ಬ್ರಷ್ ಒಮ್ಮೆ ಒತ್ತಿ, ಒಮ್ಮೆ ಎಳೆಯಿರಿ, ಒಮ್ಮೆ ಕೊಡವಿ. ಕಾಗದದ ಮಡಿಕೆಗಳಲ್ಲಿ ಇಂಕ್ ಸಿಕ್ಕಿಕೊಂಡು ನೀವು ಎಳೆಯದ ಗೆರೆಗಳು ಬರುತ್ತವೆ.

ಕೋಜೆನ್ಸ್ ಒಂದು ಜಾಣತನ ಮಾಡಿದ್ದ. ಮಚ್ಚೆಯ ಮೇಲೆಯೇ ತಿದ್ದುತ್ತಿರಲಿಲ್ಲ. ಅದರ ಮೇಲೆ ಪಾರದರ್ಶಕ ಕಾಗದ ಇಟ್ಟು ಅದರಲ್ಲಿ ಚಿತ್ರ ಬಿಡಿಸುತ್ತಿದ್ದ. ನಮಗೆ ಬಟರ್ ಪೇಪರ್ ಸಾಕು. ಹಾಗಾಗಿ ಒಂದೇ ಮಚ್ಚೆಯಿಂದ ಬೇರೆ ಬೇರೆ ಚಿತ್ರ ತೆಗೆಯಬಹುದು, ಕೆಟ್ಟುಹೋದೀತು ಅನ್ನುವ ಹೆದರಿಕೆಯೂ ಇಲ್ಲ. ಹೊಸಬರಿಗೆ ನಾನು ಒತ್ತಿ ಹೇಳುವುದು ಇದನ್ನೇ. ನೇರ ಮಚ್ಚೆಯ ಮೇಲೆ ಕುಂಚ ಇಡುವುದನ್ನು ಮುಂದಕ್ಕೆ ಹಾಕಿ.

ಚೆಲ್ಲಿದ ಮೇಲೂ ಅದು ಮಚ್ಚೆಯಾಗಿಯೇ ಕಾಣ್ತದೆ. ಬೆಟ್ಟ ಆಗೋದೇ ಇಲ್ಲ. ಯಾಕೆ?

ಅಳತೆ ಇಲ್ಲದ ಕಾರಣ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಮಚ್ಚೆಗೆ ಗಾತ್ರ ಅನ್ನುವುದಿಲ್ಲ. ಅದು ಗುಡ್ಡವೂ ಆಗಬಹುದು, ಗದ್ದೆಯ ಹೆಂಟೆಯೂ ಆಗಬಹುದು. ಪಕ್ಕದಲ್ಲಿ ನಮಗೆ ಗಾತ್ರ ಗೊತ್ತಿರುವ ಒಂದು ವಸ್ತು ಬಂದ ಕೂಡಲೆ ಎಲ್ಲ ತೀರ್ಮಾನವಾಗುತ್ತದೆ. ಜಪಾನಿನ ಚಿತ್ರಕಾರ ಸೆಸ್ಶು 1495ರಲ್ಲಿ, ತನ್ನ ಎಪ್ಪತ್ತೈದರ ಆಸುಪಾಸಿನಲ್ಲಿ, ಒಬ್ಬ ಶಿಷ್ಯನಿಗೆ ಮಾಡಿಕೊಟ್ಟ ಇಂಕಿನ ಚಿತ್ರ ಟೋಕಿಯೊದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗುತ್ತದೆ. ಹಿಂದೆ ತೆಳು ಬೂದು ಬಣ್ಣದ ಶಿಖರಗಳು, ಮುಂದೆ ಒದ್ದೆಯಾಗಿ ಹರಡಿದ ಕಡುಕಪ್ಪು. ಅದನ್ನು ಮಾತ್ರ ನೋಡಿದರೆ ಏನೂ ತಿಳಿಯುವುದಿಲ್ಲ. ಕೆಳಗೆ ಕಣ್ಣು ಹಾಯಿಸಿ. ಒಂದು ಮಾಡಿನ ಗೆರೆ, ಹೆಂಡದಂಗಡಿಯ ಬಾವುಟ, ನೀರಿನ ಮೇಲೆ ಒಂದು ದೋಣಿ, ಅದರಲ್ಲಿ ಇಬ್ಬರು. ಎಲ್ಲ ಕೆಲವೇ ಗೆರೆ. ಅವನ್ನು ಕಂಡದ್ದೇ ತಡ, ಕಪ್ಪು ಮಚ್ಚೆ ಮರಗಳಿರುವ ಬಂಡೆಯಾಗುತ್ತದೆ, ಬರೀ ಕಾಗದ ನೀರಾಗುತ್ತದೆ. ಸೆಸ್ಶುವಿನದ್ದು ಕಣ್ಣುಮುಚ್ಚಿ ಚೆಲ್ಲಿದ ಇಂಕ್ ಅಲ್ಲ, ದಶಕಗಟ್ಟಲೆ ಪಳಗಿದ ಕೈ. ಆದರೂ ಒದ್ದೆ ಇಂಕ್ ಎಲ್ಲಿ ನಿಲ್ಲಬೇಕು ಅಂತ ಅವನೂ ಆಜ್ಞೆ ಮಾಡಲಿಲ್ಲ.

ಇದನ್ನು ನೀವೇ ಮಾಡಿ ನೋಡಬಹುದು. ಒಂದು ಮಚ್ಚೆ ತಗೊಳ್ಳಿ. ಮೇಲೆ ಬಟರ್ ಪೇಪರ್ ಇಟ್ಟು ಕೆಳಗಡೆ ಅಕ್ಕಿಕಾಳಿನಷ್ಟು ಉದ್ದದ ನಾಡದೋಣಿ ಬಿಡಿಸಿ. ಮಚ್ಚೆ ಕುದುರೆಮುಖದಷ್ಟು ದೊಡ್ಡದಾಗುತ್ತದೆ. ಇನ್ನೊಂದು ಹಾಳೆ ಇಟ್ಟು ಅದೇ ಜಾಗದಲ್ಲಿ ಹೆಬ್ಬೆರಳಿನಷ್ಟು ಉದ್ದದ ದೋಣಿ ಬಿಡಿಸಿ. ಅದೇ ಮಚ್ಚೆ ಸೋಮೇಶ್ವರದ ದಡದಲ್ಲಿರುವ ಒಂದು ಪಾದೆ, ಅಂದರೆ ಬಂಡೆ, ಆಗುತ್ತದೆ. ದೋಣಿಯನ್ನು ಮೇಲಕ್ಕೆ ಸರಿಸಿದರೆ ಕಡಲಿನ ಮಟ್ಟವೇ ಏರುತ್ತದೆ.

ಏನನ್ನು ಬಿಡಿಸುವುದು ಅನ್ನುವುದೂ ಮುಖ್ಯ. ದಯವಿಟ್ಟು ಬಗ್ಗಿದ ತೆಂಗಿನಮರ ಮತ್ತು ಮುಳುಗುವ ಸೂರ್ಯ ಬೇಡ. ಅಲ್ಲಿಗೆ ಕ್ಯಾಲೆಂಡರ್ ಆಯಿತು. ಅಡಿಕೆ ಮರ ನಾಲ್ಕು ನೇರ ಗೆರೆ ಸಾಕು. ಕರೆಂಟ್ ಕಂಬ, ಗದ್ದೆಯ ಬದು, ಹಂಚಿನ ಮಾಡಿನ ಓರೆ, ಕೊಡೆ ಹಿಡಿದು ನಡೆಯುವ ಒಬ್ಬರು. ಇಡುವುದನ್ನು ಮಚ್ಚೆಯ ನಡುವೆ ಇಡಬೇಡಿ, ಕಪ್ಪು ಮುಗಿದು ಬಿಳಿ ಶುರುವಾಗುವ ಅಂಚಿನಲ್ಲಿಡಿ. ಒಂದು ಇಟ್ಟ ಮೇಲೆ ಕೈ ಕಟ್ಟಿ ಕೂತುಕೊಳ್ಳಿ. ಎರಡನೆಯದು ಬೇಕೇಬೇಕು ಅನಿಸಿದರೆ ಮಾತ್ರ. ಮೂರನೆಯದು ಸಾಮಾನ್ಯವಾಗಿ ಹಾಳು ಮಾಡುತ್ತದೆ.

ಒಣಗಿದ ಮೇಲೆ ಅಂಚಿನಲ್ಲಿ ಕಪ್ಪು ಗೆರೆ ಬರ್ತದೆ. ಮಳೆಗಾಲದಲ್ಲಿ ಬರೋದಿಲ್ಲ. ನನ್ನ ಇಂಕ್ ಕೆಟ್ಟಿದೆಯಾ?

ಇಂಕ್ ಸರಿಯಾಗಿಯೇ ಇದೆ. ಕಾಫಿ ಚೆಲ್ಲಿ ಒಣಗಿದರೆ ಸುತ್ತ ಕಡುಗಂದು ಉಂಗುರ ಆಗುತ್ತದಲ್ವಾ, ಇದೂ ಅದೇ. ಹನಿಯ ಅಂಚಿನಲ್ಲಿ ನೀರು ಬೇಗ ಆರುತ್ತದೆ, ಆ ಜಾಗ ತುಂಬಲು ಒಳಗಿನಿಂದ ನೀರು ಹೊರಕ್ಕೆ ಹರಿಯುತ್ತದೆ, ಜೊತೆಗೆ ಮಸಿಯ ಕಣಗಳನ್ನೂ ಒಯ್ದು ಅಂಚಿನಲ್ಲಿ ಬಿಡುತ್ತದೆ. ಶಿಕಾಗೊದ ಭೌತವಿಜ್ಞಾನಿಗಳು ಇದನ್ನು ವಿವರಿಸಿದ್ದು ಈಚೆಗೆ, 1997ರಲ್ಲಿ.

ಮಾರ್ಚ್, ಏಪ್ರಿಲ್‌ನಲ್ಲಿ ಫ್ಯಾನ್ ಕೆಳಗೆ ಕೆಲಸ ಮಾಡಿದರೆ ಈ ಗೆರೆ ಗಟ್ಟಿಯಾಗಿ ಬರುತ್ತದೆ. ಬಂಡೆಯ ಅಂಚಿಗೆ, ಮರಳಿನ ಮೇಲೆ ಅಲೆ ಬಿಟ್ಟುಹೋದ ಗುರುತಿಗೆ ಒಳ್ಳೆಯದು. ಜುಲೈಯಲ್ಲಿ ಗಾಳಿಯಲ್ಲೇ ನೀರು ತುಂಬಿರುತ್ತದೆ. ಕಾಗದ ಗಂಟೆಗಟ್ಟಲೆ ಒದ್ದೆ. ಅರ್ಧ ಗಂಟೆಯ ಮೇಲೆ ಬಿಟ್ಟ ಹನಿಯೂ ಹರಡುತ್ತದೆ, ಅಂಚು ಮೆತ್ತಗಾಗುತ್ತದೆ. ಆಗುಂಬೆ ಕಡೆಯ ಮಂಜು ಬೇಕಾದರೆ ಇದೇ ಕಾಲ. ಹೇರ್ ಡ್ರೈಯರ್ ಹಿಡಿದು ಮಳೆಗಾಲವನ್ನು ಬೇಸಿಗೆ ಮಾಡಲು ಹೋಗಬೇಡಿ.

ಉಪ್ಪು, ಸೋಪು, ಸ್ಯಾನಿಟೈಸರ್ ಎಲ್ಲ ಹಾಕ್ತಾರಂತೆ?

ಹಾಕಬಹುದು. ಒದ್ದೆ ಇಂಕಿನ ಮೇಲೆ ಕಲ್ಲುಪ್ಪು ಉದುರಿಸಿದರೆ ಹರಳಿನ ಸುತ್ತ ತಿಳಿಯಾದ ನಕ್ಷತ್ರ ಮೂಡುತ್ತದೆ. ಸೋಪಿನ ಹನಿ ಇಂಕನ್ನು ದೂರ ತಳ್ಳುತ್ತದೆ. ಸ್ಪಿರಿಟ್ ಹನಿ ಬಿಳಿ ಕಣ್ಣು ಮಾಡುತ್ತದೆ. ಮೇಣದ ಬತ್ತಿ ಉಜ್ಜಿದಲ್ಲಿ ಇಂಕ್ ಹಿಡಿಯುವುದಿಲ್ಲ. ಮೊದಲ ವಾರ ಎಲ್ಲರೂ ಇದರಲ್ಲೇ ಮುಳುಗಿರುತ್ತಾರೆ. ನನ್ನ ತಕರಾರು ಒಂದೇ: ಇವು ಆಕಸ್ಮಿಕ ಅಲ್ಲ. ಉಪ್ಪು ಹಾಕಿದರೆ ಏನು ಬರುತ್ತದೆ ಅಂತ ಗೊತ್ತಾದ ಮೇಲೆ ಅದೂ ಒಂದು ರಬ್ಬರ್ ಸ್ಟಾಂಪ್.

ದಾಳ ಹಾಕಿ ಚಿತ್ರ ಮಾಡೋದೂ ಇದೇನಾ?

ಸ್ವಲ್ಪ ಬೇರೆ. ಇಂಕ್ ತಾನಾಗಿ ಹರಿದದ್ದು ಒಂದು ಬಗೆ. ನಮ್ಮ ಆಯ್ಕೆಯನ್ನೇ ಅದೃಷ್ಟಕ್ಕೆ ಬಿಡುವುದು ಇನ್ನೊಂದು ಬಗೆ. ಅಮೆರಿಕದ ಸಂಗೀತಗಾರ ಜಾನ್ ಕೇಜ್ 1988ರಲ್ಲಿ ವರ್ಜೀನಿಯಾದ ನ್ಯೂ ರಿವರ್ ಎಂಬ ಹೊಳೆಯಿಂದ ತಂದ ಕಲ್ಲುಗಳನ್ನು ಕಾಗದದ ಮೇಲಿಟ್ಟು, ಸುತ್ತ ಕುಂಚ ಎಳೆದು ಜಲವರ್ಣ ಚಿತ್ರ ಮಾಡಿದರು. ಯಾವ ಕಲ್ಲು, ಎಲ್ಲಿ, ಯಾವ ಕುಂಚ, ಯಾವ ಬಣ್ಣ ಅನ್ನುವುದನ್ನೆಲ್ಲ ಚೀನಾದ ಹಳೆಯ ಶಕುನ ಗ್ರಂಥ ಐ ಚಿಂಗ್‌ನ ಸಂಖ್ಯೆಗಳಿಗೆ ಬಿಟ್ಟಿದ್ದರು. ಎಲ್ಲವನ್ನೂ ಬಿಟ್ಟಿರಲಿಲ್ಲ ಅನ್ನುವುದನ್ನು ಗಮನಿಸಿ. ಪ್ರಶ್ನೆಗಳನ್ನು ಇಟ್ಟವರು ಅವರೇ.

ಇಲ್ಲಿ ಕವಡೆ ಸಾಕು. ಆರು ಕವಡೆ ಹಾಕಿ. ಮೇಲ್ಮುಖವಾಗಿ ಬಿದ್ದದ್ದು ಎಷ್ಟೋ ಅಷ್ಟು ಮಚ್ಚೆ. ಮತ್ತೆ ಹಾಕಿ, ಕಾಗದದ ಯಾವ ಭಾಗ ಅಂತ ತೀರ್ಮಾನಿಸಿ. ಎಲ್ಲವನ್ನೂ ನಡುವೆಯೇ ತುಂಬುವ ಚಟ ಇರುವವರಿಗೆ ಇದು ಒಳ್ಳೆ ಮದ್ದು. ಚೆನ್ನಾಗಿಲ್ಲ ಅಂತ ಮತ್ತೆ ಹಾಕಬಾರದು, ಅಷ್ಟೇ ನಿಯಮ.

ಕೆ.ಕೆ. ಹೆಬ್ಬಾರರ ಊರಿನವರು ನಾವು. ಗೆರೆ ಕಲಿಯದೆ ಇಂಕ್ ಚೆಲ್ಲಿದರೆ ಹೇಗೆ?

ನ್ಯಾಯವಾದ ಪ್ರಶ್ನೆ. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಚಿತ್ರಕಾರ ಹೆಬ್ಬಾರರು ಯಕ್ಷಗಾನ ನೋಡಿ ಬೆಳೆದವರು. ಕುಣಿಯುವ ದೇಹವನ್ನು ಕೆಲವೇ ಗೆರೆಗಳಲ್ಲಿ ಹಿಡಿಯುತ್ತಿದ್ದರು. ಅವರ ರೇಖಾಚಿತ್ರದಲ್ಲಿ ಗೆರೆ ದಪ್ಪವಾಗಿ ಶುರುವಾಗಿ ಹೋಗ್ತಾ ಹೋಗ್ತಾ ಕೂದಲೆಳೆ ಆಗುವುದನ್ನು ನೋಡಿ. ಅಲ್ಲಿ ಚೆಲ್ಲಾಟ ಇಲ್ಲ. ಮಚ್ಚೆಯ ಪಕ್ಕ ಇಡುವ ಆ ಒಂದು ದೋಣಿ, ಆ ಒಬ್ಬ ಮನುಷ್ಯ ಸರಿಯಾಗಿ ಬರಬೇಕಾದರೆ ಅಂಥ ಕೈಯೇ ಬೇಕು. ಅಂಚು ನಡುಗಿದರೆ ಇಡೀ ಬೆಟ್ಟ ಮತ್ತೆ ಮಚ್ಚೆಯಾಗುತ್ತದೆ. ಹಾಗಾಗಿ ಗೆರೆ ಕಲಿಯಿರಿ, ಇದರ ಜೊತೆಯಲ್ಲೇ. ದಿನಾ ಬಸ್‌ಸ್ಟ್ಯಾಂಡಿನಲ್ಲಿ ನಿಂತವರನ್ನು ಎರಡೆರಡು ಗೆರೆಯಲ್ಲಿ ಬಿಡಿಸಿ.

ಹೊರಗೆ ಹೋಗಿ ಮಾಡಬಹುದಾ?

ಕಾಪು ಬೀಚಿನಲ್ಲಿ ಲೈಟ್‌ಹೌಸಿನ ಬಂಡೆಯ ಹತ್ತಿರ ಕೂತು ಮಾಡಿದ್ದೇವೆ. ಗಾಳಿ ಅರ್ಧ ಕೆಲಸ ಮಾಡುತ್ತದೆ, ಮರಳು ಉಳಿದರ್ಧ. ಕಡಲ ನೀರಿನಲ್ಲೇ ಇಂಕ್ ಕಲಸುವ ಆಸೆ ಎಲ್ಲರಿಗೂ ಬರುತ್ತದೆ. ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಕೆಲವು ಬಾಟಲಿ ಇಂಕ್ ಅದರಲ್ಲಿ ಒಡೆದು ಕಾಳುಕಾಳಾಗಿ ಕೂರುತ್ತದೆ, ಅದು ಮರಳಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಉಪ್ಪು ಕಾಗದದಲ್ಲೇ ಉಳಿದು ಪ್ರತಿ ಮಳೆಗಾಲದಲ್ಲೂ ತೇವ ಎಳೆಯುತ್ತದೆ. ಇಟ್ಟುಕೊಳ್ಳುವ ಚಿತ್ರಕ್ಕೆ ಬೇಡ.

ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೂ ಹೋಗೋಣ ಅಂತ ಪ್ರತಿ ಸಲ ಯಾರಾದರೂ ಹೇಳುತ್ತಾರೆ. ಜಾಗ ಚಂದ, ಒಪ್ಪಿದೆ. ಆದರೆ ಅಲ್ಲಿನ ಕಲ್ಲು ಕಂಬ ಕಂಬವಾಗಿ, ಮೂಲೆ ಮೂಲೆಯಾಗಿ ನಿಂತಿದೆ. ಒದ್ದೆ ಇಂಕಿಗೆ ಅದು ಒಗ್ಗುವುದಿಲ್ಲ, ಒಣ ಬ್ರಷ್‌ನ ಕೆಲಸ ಅದು.

ಮಕ್ಕಳು ಮಾಡಬಹುದಾ?

ಖಂಡಿತ. ಹಳೆ ಬಟ್ಟೆ ಹಾಕಿಸಿ ಕಳಿಸಿ. ಡ್ರಾಯಿಂಗ್ ಇಂಕ್ ಬಟ್ಟೆಯಿಂದ ಹೋಗುವುದಿಲ್ಲ. ಇದು ಏನು ಅಂತ ಮಕ್ಕಳಿಗೆ ನೀವು ಹೇಳಿಕೊಡಬೇಡಿ, ಅವರು ಹೇಳಲಿ.

ತಾನಾಗಿ ಬಂದದ್ದಕ್ಕೆ ನಾನು ಯಾಕೆ ಸಹಿ ಹಾಕಬೇಕು?

ರಾಶಿ ಮಚ್ಚೆಗಳಲ್ಲಿ ಇದೊಂದನ್ನು ಇಟ್ಟುಕೊಂಡು ಉಳಿದದ್ದನ್ನು ಒಲೆಗೆ ಹಾಕಿದವರು ನೀವು. ಧಾರಾಳವಾಗಿ ಸಹಿ ಹಾಕಿ. ಚಿಕ್ಕದಾಗಿರಲಿ, ಅದೂ ಒಂದು ಕಪ್ಪು ಗುರುತೇ, ಚಿತ್ರದ ತೂಕ ಬದಲಾಗುತ್ತದೆ.

ನಮ್ಮ ಸೆಕೆ, ತೇವಕ್ಕೆ ಫಂಗಸ್ ಹಿಡೀತದೆ. ಏನು ಮಾಡೋದು?

ಮಸಿಯ ಇಂಕಿಗೆ ಏನೂ ಆಗುವುದಿಲ್ಲ, ಕಾಗದಕ್ಕೆ ಆಗುತ್ತದೆ. ಪೂರ್ತಿ ಒಣಗದ ಚಿತ್ರವನ್ನು ಫೈಲಿನಲ್ಲಿ ಮುಚ್ಚಿಡಬೇಡಿ. ಮಳೆಗಾಲದಲ್ಲಿ ಮಾಡಿದ್ದನ್ನು ಬಿಸಿಲು ಬರುವ ತನಕ ಫ್ರೇಮ್ ಮಾಡಿಸಲೇಬೇಡಿ. ಗಾಜಿನ ಒಳಗೆ ತೇವ ಸಿಕ್ಕಿಹಾಕಿಕೊಳ್ಳುತ್ತದೆ. ಗಾಜು ಕಾಗದಕ್ಕೆ ತಾಗದ ಹಾಗೆ ನಡುವೆ ಮೌಂಟ್, ಅಂದರೆ ದಪ್ಪ ರಟ್ಟಿನ ಅಂಚು, ಹಾಕಿಸಿ. ಹೊರಗೋಡೆಯ ಮೇಲೆ, ಅದರಲ್ಲೂ ಮಳೆ ಹೊಡೆಯುವ ಪಡುವಣ ಗೋಡೆಯ ಮೇಲೆ ತೂಗುಹಾಕಬೇಡಿ. ಬೇರೆ ಗೋಡೆಯಾದರೂ ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ಕಾರ್ಕ್ ತುಂಡು ಅಂಟಿಸಿ, ಗಾಳಿ ಆಡಲಿ. ಹಿಂದೆಲ್ಲ ಕಪಾಟಿನೊಳಗೆ ಸಣ್ಣ ಬಲ್ಬ್ ಉರಿಸಿಡುತ್ತಿದ್ದರು. ಎಲ್‌ಇಡಿ ಬಂದ ಮೇಲೆ ಆ ಉಪಾಯ ನಡೆಯುವುದಿಲ್ಲ, ಅದರ ಬಿಸಿ ತೀರಾ ಕಡಿಮೆ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಿ, ಆಗಾಗ ಬದಲಿಸಿ. ಬೂಷ್ಟು ಬಂದೇಬಿಟ್ಟರೆ ಚಿತ್ರವನ್ನು ಮೊದಲು ಚೆನ್ನಾಗಿ ಒಣಗಲು ಬಿಡಿ. ಆಮೇಲೆ ಮನೆಯ ಹೊರಗೆ ಒಯ್ದು, ಮೂಗಿಗೆ ಮಾಸ್ಕ್ ಹಾಕಿಕೊಂಡು, ಮೆತ್ತನೆ ಒಣ ಬ್ರಷ್‌ನಿಂದ ಕೊಡವಿ. ಒದ್ದೆ ಬಟ್ಟೆ ಮಾತ್ರ ಮುಟ್ಟಿಸಬೇಡಿ.